ಮನೆಗಳು ನಡೆದುಹೋದ ಊರಿನ ಯುಸ್ತೀನಾ

ಆರ್ಡ್ವೆಲ್ ಊರು ಈಗಿರುವ ಜಾಗದಲ್ಲಿ ಹುಟ್ಟಿದ್ದಲ್ಲ. ಹುಟ್ಟಿದ್ದು ನಾಲ್ಕು ಮೈಲಿ ಬಡಗಣಕ್ಕೆ, ಒಂದು ಸಣ್ಣ ತೊರೆಯ ದಂಡೆಯಲ್ಲಿ. ಇವತ್ತಲ್ಲ ನಾಳೆ ರೈಲು ಬಂದೇ ಬರುತ್ತದೆಂದು ನಂಬಿದ ಜನ ಅಲ್ಲಿ ಅಂಗಡಿ, ಬ್ಯಾಂಕು, ಕುದುರೆ ಲಾಯ, ಎರಡು ಚರ್ಚು ಕಟ್ಟಿಕೊಂಡು ಹದಿನೆಂಟು ವರ್ಷ ಕಾದರು. 1928ರಲ್ಲಿ ರೈಲೇನೋ ಬಂತು, ಆದರೆ ನಾಲ್ಕು ಮೈಲಿ ತೆಂಕಣಕ್ಕೆ ಹಾದುಹೋಯಿತು. ಊರಿನವರು ಎರಡು ದಿನ ಬಾಯಿಗೆ ಬಂದಂತೆ ಬೈದರು. ಮೂರನೆಯ ದಿನ ಸಭೆ ಸೇರಿ, ಅದು ನಮ್ಮ ಹತ್ತಿರ ಬರದಿದ್ದರೆ ನಾವೇ ಅದರ ಹತ್ತಿರ ಹೋಗೋಣವೆಂದು ತೀರ್ಮಾನಿಸಿದರು. ಆ ಚಳಿಗಾಲ ನೆಲ ಕಲ್ಲಿನಂತೆ ಹೆಪ್ಪುಗಟ್ಟಿದ ಮೇಲೆ ಇಪ್ಪತ್ತಮೂರು ಕಟ್ಟಡಗಳನ್ನು ಒಂದೊಂದಾಗಿ ಎಳೆದುಕೊಂಡು ಹೊರಟರು.

ಎಳೆಯುವ ಕೆಲಸ ಹಿಡಿದವನು ಹಾಲ್ವರ್ ಬ್ರೆಕ್ಕೆ ಎಂಬ ನಾರ್ವೆ ಮೂಲದ ಹುಡುಗ. ವಯಸ್ಸು ಇಪ್ಪತ್ತಾರು, ಮಾತು ಕಡಿಮೆ. ತಿರುಪಿನ ಜಾಕು ಕೊಟ್ಟು ಮನೆಯನ್ನು ಅಡಿಪಾಯದಿಂದ ಎತ್ತುವುದು, ಕೆಳಗೆ ಪೈನ್ ಮರದ ದಿಮ್ಮಿ ತೂರಿಸುವುದು, ಮುಂದೆ ಹದಿನಾರು ಕುದುರೆಗಳನ್ನೋ ಒಂದು ಉಗಿ ಟ್ರ್ಯಾಕ್ಟರನ್ನೋ ಕಟ್ಟಿ ಹಿಮದ ಮೇಲೆ ಜಾರಿಸುವುದು, ಇದು ಅವನ ಕಸುಬು.

ಯುಸ್ತೀನಾ ಹವ್ರಿಶ್‌ಗೆ ಆಗ ಹದಿನೆಂಟು. ಉಕ್ರೇನಿನಿಂದ ಬಂದು ಊರಿನ ಪೂರ್ವಕ್ಕಿದ್ದ ಪೊದೆಗಾಡು ಕಡಿದು ಗೋಧಿ ಬಿತ್ತಿದ್ದ ಒನೂಫ್ರಿ ಹವ್ರಿಶ್‌ನ ನಡುವಿನ ಮಗಳು. ಮೆಕೆಲ್ವಿ ಅಮ್ಮನ ಊಟದ ಮನೆಯಲ್ಲಿ ಕೆಲಸಕ್ಕಿದ್ದಳು. ಮೆಕೆಲ್ವಿ ಅಮ್ಮ ಸ್ಕಾಟ್‌ಲೆಂಡಿನ ವಿಧವೆ. ಎರಡಂತಸ್ತಿನ ಮರದ ಮನೆ, ಕೆಳಗೆ ಊಟದ ಮೇಜುಗಳು, ಮೇಲೆ ಬಾಡಿಗೆ ಕೋಣೆಗಳು. ಊರೆಲ್ಲ ಹೊರಟರೂ ಆಕೆ ಮಾತ್ರ ಮನೆ ಬಿಟ್ಟು ಇಳಿಯಲು ಒಪ್ಪಲಿಲ್ಲ.

"ಅಮ್ಮಾ, ಮನೆ ಎತ್ತಿದೀವಿ. ನೀವು ಕೆಳಗಿಳೀಬೇಕು," ಎಂದು ಹಾಲ್ವರ್ ಕಿಟಕಿ ತಟ್ಟಿದ.

"ಯಾಕಪ್ಪಾ ಇಳೀಲಿ? ಹಿಟ್ಟು ನಾದಿಟ್ಟಿದೀನಿ. ಮಧ್ಯಾಹ್ನಕ್ಕೆ ನಿನ್ನ ಆಳುಗಳೇ ಬ್ರೆಡ್ಡೆಲ್ಲಿ ಅಂತ ಬಾಯ್ಬಿಡ್ತಾರೆ."

"ಒಲೇಲಿ ಬೆಂಕಿ ಇರೋ ಮನೆ ನಾನು ಎಳೆಯಲ್ಲ."

"ಎಳೀಬೇಡ. ನಾನೂ ಊಟ ಹಾಕಲ್ಲ. ಯಾರು ಮೊದಲು ಸೋಲ್ತಾರೋ ನೋಡೋಣ."

ಹಾಲ್ವರ್ ತಿರುಗಿ ನೋಡಿದ. ಹಿಂದೆ ಹತ್ತು ಜನ ಆಳುಗಳು ಚಳಿಯಲ್ಲಿ ಕಾಲು ಕುಟ್ಟುತ್ತಿದ್ದರು. "ಜೋರಾಗಿ ಕುಲುಕಿದ್ರೆ ಕೂಗಿ," ಎಂದಷ್ಟೇ ಹೇಳಿ ಹೋದ. ಹೀಗೆ ಆರ್ಡ್ವೆಲ್‌ನ ಊಟದ ಮನೆ ಹೊಗೆಗೂಡಿನಿಂದ ಹೊಗೆ ಬಿಡುತ್ತಲೇ ಬಯಲಿಗೆ ಇಳಿಯಿತು. ಒಳಗೆ ಮೆಕೆಲ್ವಿ ಅಮ್ಮ ಒಲೆಯ ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಹಿಡಿದು ನಿಂತಿದ್ದರೆ, ಯುಸ್ತೀನಾ ಎರಡೂ ತೋಳು ಚಾಚಿ ಪಾತ್ರೆಯ ಕಪಾಟನ್ನು ತಬ್ಬಿಕೊಂಡಿದ್ದಳು. ಕಿಟಕಿಯಾಚೆ ತೊರೆ, ಬೋಳು ಮರಗಳು, ಬ್ಯಾಂಕು ಎದ್ದುಹೋದ ಗುಂಡಿ ಮೆಲ್ಲಗೆ ಹಿಂದೆ ಸರಿಯುತ್ತಿದ್ದವು. ಆ ದಿನದಷ್ಟು ನಗು ತನಗೆ ಬದುಕಿನಲ್ಲಿ ಮತ್ತೆಂದೂ ಬರಲಿಲ್ಲವೆಂದು ಅವಳು ಮುದುಕಿಯಾದ ಮೇಲೂ ಹೇಳುತ್ತಿದ್ದಳು.

ಎರಡು ಮೈಲಿ ಹೋದ ಮೇಲೆ ದಾರಿಗಡ್ಡ ಟೆಲಿಫೋನ್ ತಂತಿ ಬಂತು. ಯಾರಾದರೂ ಚಾವಣಿಯ ನೆತ್ತಿಗೆ ಹತ್ತಿ ಕವೆಗೋಲಿನಿಂದ ತಂತಿ ಎತ್ತಿ ಹಿಡಿಯಬೇಕು, ಮನೆ ಕೆಳಗೆ ನುಸುಳಬೇಕು. ಹಾಲ್ವರನ ಆಳೊಬ್ಬ ಏಣಿ ಇಟ್ಟ. ಭಾರೀ ಆಸಾಮಿ. ಅವನು ಎರಡು ಮೆಟ್ಟಿಲು ಏರುವಷ್ಟರಲ್ಲಿ ಮೆಕೆಲ್ವಿ ಅಮ್ಮ ಕಿಟಕಿಯಿಂದ ತಲೆ ಹಾಕಿ ಕಿರುಚಿದಳು. "ಆ ಕಾಡೆಮ್ಮೆ ನನ್ನ ಚಾವಣಿ ಹತ್ತಿದ್ರೆ ನೋಡು! ಹಲಗೆ ಮುರ್ಕೊಂಡು ನೇರ ನನ್ನ ಹಿಟ್ಟಿನ ಪಾತ್ರೆಗೇ ಬೀಳ್ತಾನೆ!"

"ನಾನು ಹತ್ಲಾ?" ಎಂದಳು ಯುಸ್ತೀನಾ.

ಹಾಲ್ವರ್ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಬಿದ್ರೆ?"

"ಹಿಮದ ಮೇಲೆ ಬೀಳ್ತೀನಿ. ನೀವೇನು ಅಳ್ತೀರಾ?"

ಅವಳು ಬೂಟ್ಸು ಕಳಚಿ ಉಣ್ಣೆಯ ಕಾಲುಚೀಲದಲ್ಲೇ ಹತ್ತಿದಳು. ಕುದುರೆಯ ಮೇಲೆ ಕೂತಂತೆ ನೆತ್ತಿಯ ಮೇಲೆ ಆಚೆಗೊಂದು ಈಚೆಗೊಂದು ಕಾಲು ಹಾಕಿ, ತಂತಿಯನ್ನು ಎತ್ತಿ ತಲೆಯ ಮೇಲಿಂದ ಹಿಂದಕ್ಕೆ ದಾಟಿಸಿದಳು. ಅಲ್ಲಿಂದ ಇಡೀ ಬಯಲು ಕಾಣುತ್ತಿತ್ತು. ಮುಂದೆ ಹೊಸ ಹಳಿ, ಹಳಿಯ ಪಕ್ಕ ಅರ್ಧ ಕಟ್ಟಿದ ಧಾನ್ಯಗೋಪುರ, ಹಿಂದೆ ಸಾಲಾಗಿ ಬರುತ್ತಿದ್ದ ಅಂಗಡಿ, ಲಾಯ, ಚರ್ಚು. ಇಳಿಯುವಾಗ ಹಾಲ್ವರ್ ಏಣಿ ಹಿಡಿದಿದ್ದ. ಅವಳು ನೆಲ ಮುಟ್ಟಿದ ಮೇಲೂ ಹಿಡಿದೇ ಇದ್ದ.

ಮರುವರ್ಷ ವಸಂತದಲ್ಲಿ ಅವನು ಹೆಣ್ಣು ಕೇಳಲು ಬಂದಾಗ ಒನೂಫ್ರಿ ಕೆಂಡವಾದ.

"ಎಲ್ಲರ ಮನೆ ಎತ್ಕೊಂಡು ತಿರುಗೋನಿಗೆ ಮಗಳ್ನ ಕೊಡ್ಬೇಕಾ? ಇವತ್ತು ಇಲ್ಲಿ, ನಾಳೆ ಎಲ್ಲೋ! ಮೇಲಾಗಿ ಲೂಥರನ್ ಪಂಥದೋನು. ಶಿಲುಬೆ ಗುರುತು ಹಾಕ್ಕೊಳ್ಳೋಕೂ ಬರಲ್ಲ!"

"ಕಲಿಸಿದ್ರೆ ಕಲೀತಾನೆ, ಅಪ್ಪಾ," ಎಂದಳು ಯುಸ್ತೀನಾ.

"ಮೊದಲು ಮಾತಾಡೋದು ಕಲಿಸು. ಬಂದು ಒಂದು ಗಂಟೆ ಆಯ್ತು, ನನ್ನ ಕಣಜಾನೇ ನೋಡ್ತಾ ಕೂತಿದಾನೆ!"

ಹಾಲ್ವರ್ ನಿಜವಾಗಿಯೂ ಕಣಜವನ್ನೇ ನೋಡುತ್ತಿದ್ದ. ಆ ಮರದ ಕಟ್ಟಡ ತಗ್ಗಿನಲ್ಲಿತ್ತು. ಹಿಮ ಕರಗಿದಾಗಲೆಲ್ಲ ನೀರು ನುಗ್ಗಿ ತಳದ ಒಂದು ಅಡಿ ಗೋಧಿ ಮೊಳಕೆಯೊಡೆಯುತ್ತಿತ್ತು. ಮುಂದಿನ ವಾರ ಅವನು ಎಂಟು ಕುದುರೆಗಳೊಂದಿಗೆ ಬಂದು, ಯಾರನ್ನೂ ಕೇಳದೆ ಕಣಜವನ್ನು ದಿಬ್ಬದ ಮೇಲಕ್ಕೆ ಎಳೆದು ನಿಲ್ಲಿಸಿದ. ಒನೂಫ್ರಿ ಅದರ ಸುತ್ತ ಮೂರು ಸಲ ಸುತ್ತಿದ, ಬಾಗಿಲು ತೆರೆದು ಮುಚ್ಚಿದ. ಬಾಗಿಲು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. "ಮದುವೆ ನಮ್ಮ ಚರ್ಚಲ್ಲೇ ಆಗ್ಬೇಕು," ಎಂದ.

ಮದುವೆಯಾದ ಮೇಲೆ ಗಂಡ ಮುಂದೆ ಕುದುರೆಗಳ ಜೊತೆ, ಹೆಂಡತಿ ಚಾವಣಿಯ ಮೇಲೆ ಕವೆಗೋಲು ಹಿಡಿದು. ಸುತ್ತಲಿನ ಐವತ್ತು ಮೈಲಿಯಲ್ಲಿ ಅವರನ್ನು ಅರಿಯದವರಿಲ್ಲ. ಮಗಳು ಸಿಗ್ನೆ ಹುಟ್ಟಿದ ವರ್ಷವೊಂದನ್ನು ಬಿಟ್ಟರೆ ಯುಸ್ತೀನಾ ಕೆಳಗಿಳಿಯಲಿಲ್ಲ.

ಮಳೆ ಕೈಕೊಟ್ಟು ಬಯಲೆಲ್ಲ ಧೂಳಾಗಿ ಹಾರಿದ ಮುಂದಿನ ಹತ್ತು ವರ್ಷಗಳಲ್ಲಿ ಒಕ್ಕಲು ಬಿಟ್ಟುಹೋದವರು ಬಹಳ. ಮಕ್ಕಳಿಲ್ಲದ ಎರಡು ಹಳ್ಳಿ ಶಾಲೆಗಳು ಬಯಲಲ್ಲಿ ಬಾಗಿಲು ಬಡಿದುಕೊಳ್ಳುತ್ತ ನಿಂತಿದ್ದವು. 1934ರಲ್ಲಿ ಹಾಲ್ವರ್ ಅವೆರಡನ್ನೂ ಎಳೆದು ತಂದು ಬೆನ್ನಿಗೆ ಬೆನ್ನು ಕೊಟ್ಟು ಕೂಡಿಸಿದ. ಊರಿನ ಗಂಡಸರು ನಡುವಿನ ಗೋಡೆ ತೆಗೆದು ಮೇಪಲ್ ಹಲಗೆಯ ನೆಲ ಹಾಸಿದರು. ಆರ್ಡ್ವೆಲ್‌ನ ಸಭಾಭವನ ಆದದ್ದು ಹಾಗೆ. ನೆಲಕ್ಕೆ ಮೇಣ ಚೆಲ್ಲಿ, ಗೋಣಿಚೀಲದ ಮೇಲೆ ಮಕ್ಕಳನ್ನು ಕೂರಿಸಿ ಆ ಗೋಡೆಯಿಂದ ಈ ಗೋಡೆಗೆ ಎಳೆಯುತ್ತಿದ್ದರು. ಮಕ್ಕಳಿಗೆ ಆಟ, ನೆಲಕ್ಕೆ ಹೊಳಪು. ಕುಣಿತಕ್ಕೆ ಅಂಥ ನೆಲ ಮೂರು ತಾಲ್ಲೂಕಿನಲ್ಲಿ ಇರಲಿಲ್ಲ. ನೀರಿನ ಬರ, ದುಡ್ಡಿನ ಬರ ಇದ್ದ ಆ ದಿನಗಳಲ್ಲೂ ಶನಿವಾರ ಪಿಟೀಲಿಗೆ ಬರ ಬರಲಿಲ್ಲ.

ವರ್ಷಕ್ಕೊಮ್ಮೆ ಅಲ್ಲಿ ಸುಗ್ಗಿಯೂಟ. ಗೋಧಿ ಕೊಯ್ದು ಮುಗಿದ ಮೇಲೆ, ಅಕ್ಟೋಬರಿನ ಒಂದು ಭಾನುವಾರ, ಮಧ್ಯಾಹ್ನದಿಂದ ಸಂಜೆಯವರೆಗೆ ಆರು ಪಂಕ್ತಿ. ಇಂಗ್ಲಿಷರ ಹುರಿದ ಟರ್ಕಿ ಕೋಳಿ, ನಾರ್ವೆಯವರ ತೆಳ್ಳನೆಯ ಆಲೂಗಡ್ಡೆ ರೊಟ್ಟಿ, ಉಕ್ರೇನಿನವರ ಎಲೆಕೋಸಿನ ಸುರುಳಿ, ಬೆಣ್ಣೆಯಲ್ಲಿ ಹೊರಳಾಡಿದ ವರೆನಿಕಿ ಕಡುಬು, ಕೊನೆಗೆ ಕಾಡುಹಣ್ಣಿನ ಸಿಹಿ. ಮೆಕೆಲ್ವಿ ಅಮ್ಮ ಕಾಲವಾದ ಮೇಲೆ ಆ ಅಡುಗೆಮನೆಯ ಯಜಮಾನಿಕೆ ಯುಸ್ತೀನಾಳ ಪಾಲಿಗೆ ಬಂತು. ಯಾವ ಚಮಚ ಯಾವ ಖಾನೆಯಲ್ಲಿರಬೇಕೆಂಬುದರಲ್ಲಿ ಅವಳ ಮಾತೇ ಕಾನೂನು.

ಯುದ್ಧ ಮುಗಿದ ಮೇಲೆ ಎಲ್ಲರ ಮನೆಗೂ ಕಾರು ಬಂತು. ಹೆದ್ದಾರಿ ಹದಿನಾಲ್ಕು ಮೈಲಿ ದೂರದ ಕೆಸ್ಟನ್ ಊರಿಗೆ ಬಂತು, ಹೆದ್ದಾರಿಯ ಹಿಂದೆ ಆಸ್ಪತ್ರೆ, ಆಸ್ಪತ್ರೆಯ ಹಿಂದೆ ದೊಡ್ಡ ಶಾಲೆ. ಆರ್ಡ್ವೆಲ್‌ನ ಶಾಲೆ 1958ರಲ್ಲಿ ಮುಚ್ಚಿತು. ಒಬ್ಬೊಬ್ಬರಾಗಿ ಜನ ಕೆಸ್ಟನ್‌ಗೆ ಹೊರಟರು. ಒಳ್ಳೆಯ ಮನೆಯನ್ನು ಬಿಟ್ಟುಹೋಗಲು ಯಾರಿಗೆ ಮನಸ್ಸು ಬರುತ್ತದೆ? ಹಾಲ್ವರನನ್ನೇ ಕರೆದರು. ತಾನೇ ತಂದು ನಿಲ್ಲಿಸಿದ ಮನೆಗಳನ್ನು ಅವನು ತಾನೇ ಎತ್ತಿದ.

ಅಂಗಡಿಗೆ ಹೋದರೆ ಮಾತು ಬರುತ್ತಿತ್ತು. ಹೆಚ್ಚಾಗಿ ಆಲ್ಡೆನ್ ರಸ್ಕ್‌ನಿಂದ. ಊರಂಚಿನಿಂದ ಕೆಸ್ಟನ್ ದಾರಿಯುದ್ದಕ್ಕೂ ಹೊಲಗಳಿದ್ದ ದೊಡ್ಡ ರೈತ, ಹಾಲ್ವರನ ಹಳೆಯ ಗೆಳೆಯ.

"ಏನಯ್ಯಾ ಹಾಲ್ವರ್, ಇವತ್ತು ಯಾರ ಮನೆ ಹೊತ್ಕೊಂಡು ಹೋಗ್ತೀಯಾ? ನಾನಂತೂ ಮನೇನ ಗೂಟಕ್ಕೆ ಕಟ್ಟಿ ಮಲಗ್ತೀನಪ್ಪಾ."

ಹಾಲ್ವರ್ ನಗುತ್ತಿದ್ದ. ಮನೆಗೆ ಬಂದು ಬೂಟ್ಸು ಬಿಚ್ಚದೆ ಕುರ್ಚಿಯಲ್ಲಿ ಬಹಳ ಹೊತ್ತು ಕೂರುತ್ತಿದ್ದ. "ಜನ ಹೋದ್ಮೇಲೆ ಮನೆ ಇಲ್ಲಿದ್ದು ಏನ್ ಮಾಡುತ್ತೆ, ಹೇಳು?" ಎಂದು ಒಂದು ದಿನ ಕೇಳಿದ. ಯುಸ್ತೀನಾ ಬಗ್ಗಿ ಅವನ ಬೂಟ್ಸಿನ ದಾರ ಬಿಚ್ಚಿದಳು. 1966ರ ಬೇಸಿಗೆಯಲ್ಲಿ, ಒಂದು ಬೆಳಗ್ಗೆ ಜಾಕುಗಳಿಗೆ ಎಣ್ಣೆ ಹಚ್ಚುತ್ತಿದ್ದಾಗಲೇ ಹಾಲ್ವರನ ಎದೆಬಡಿತ ನಿಂತಿತು.

ಅವನು ಹೋಗಿ ಐದನೆಯ ಚಳಿಗಾಲಕ್ಕೆ ಕೆಸ್ಟನ್‌ನ ಸಭಾಭವನಕ್ಕೆ ಬೆಂಕಿ ಬಿದ್ದು ಬೂದಿಯಾಯಿತು. ಆ ಹೊತ್ತಿಗೆ ಆರ್ಡ್ವೆಲ್‌ನಲ್ಲಿ ಉಳಿದಿದ್ದವರು ಇಪ್ಪತ್ತು ಚಿಲ್ಲರೆ ಜನ. ಮಾರ್ಚಿನ ಒಂದು ಭಾನುವಾರ, ಪ್ರಾರ್ಥನೆಯಾದ ಮೇಲೆ, ಹತ್ತೊಂಬತ್ತು ಜನ ಭವನದಲ್ಲಿ ಸೇರಿದರು. ಮುನ್ನೂರು ಜನರಿಗಾಗಿ ಮಾಡಿದ ಜಾಗ. ಎಲ್ಲರೂ ಕೋಟು ಬಿಚ್ಚದೆ ಒಲೆಯ ಸುತ್ತ ಮುದುರಿ ಕೂತಿದ್ದರು. ಕೆಸ್ಟನ್‌ನಿಂದ ಗ್ವೆನ್ ಪೆಟಪೀಸ್ ಬಂದಿದ್ದಳು. ಅಲ್ಲಿನ ಮಹಿಳಾ ಸಂಘದ ಅಧ್ಯಕ್ಷೆ, ದಪ್ಪ ಕನ್ನಡಕದ ಗಟ್ಟಿಗಿತ್ತಿ.

"ಕ್ರಿಸ್‌ಮಸ್‌ಗೆ ಮಕ್ಕಳ ನಾಟಕ ಟ್ರ್ಯಾಕ್ಟರ್ ಶೆಡ್ಡಲ್ಲಿ ಮಾಡ್ಸಿದ್ವಿ," ಎಂದಳು ಗ್ವೆನ್. "ದೇವದೂತನ ರೆಕ್ಕೆಗೆ ಗ್ರೀಸ್ ಹತ್ತಿತ್ತು. ಮದುವೆ, ಸಭೆ ಏನಾದ್ರೂ ಇದ್ದಾಗ ನಿಮ್ಮ ಭವನ ಬಳಸ್ಕೊಳ್ಳೋಕೆ ಬಿಡ್ತೀರಾ ಅಂತ ಕೇಳೋಕೆ ಬಂದೆ."

"ಬೇರೆ ಯಾರಿಗಾದ್ರೂ ಕೊಡ್ತೀವಿ," ಎಂದ ಆಲ್ಡೆನ್ ರಸ್ಕ್. "ಕೆಸ್ಟನ್‌ಗೆ ಕೊಡಲ್ಲ. ಮೂವತ್ತೇಳನೇ ಇಸವಿ ಹಾಕಿ ಆಟದಲ್ಲಿ ನೀವು ಹೊಡೆದಿದ್ದು ಗೋಲೇ ಅಲ್ಲ!"

"ಅಯ್ಯೋ ಆಲ್ಡೆನ್! ಆ ಗೋಲು ಹೊಡೆದೋನು ಸತ್ತು ಒಂಬತ್ತು ವರ್ಷ ಆಯ್ತು!"

"ಸತ್ರೆ ಏನಾಯ್ತು? ಅವನ ಕಾಲು ಗೆರೆಯಿಂದ ಒಳಗಿತ್ತು. ನಾನು ಗೋಲಲ್ಲಿ ನಿಂತಿದ್ದೆ, ನನ್ನ ಕಣ್ಣಾರೆ ನೋಡಿದೀನಿ."

ಎಲ್ಲರೂ ನಕ್ಕರು. ಆದರೆ ಮನಸ್ಸು ಮೆತ್ತಗಾಗಲಿಲ್ಲ. ಶಾಲೆ ಹೋಯಿತು, ಬ್ಯಾಂಕು ಹೋಯಿತು, ಎಲ್ಲ ನುಂಗಿದ ಊರು ಈಗ ಇದಕ್ಕೂ ಬಾಯಿ ಹಾಕಿದೆ ಎಂಬ ಮಾತು ಎದ್ದಿತು.

ಏನನ್ನೂ ಹೇಳಬೇಕೆಂದು ಯುಸ್ತೀನಾ ಅಲ್ಲಿಗೆ ಬಂದಿರಲಿಲ್ಲ. ಮೂಲೆಯಲ್ಲಿ ಚಾವಣಿ ಸೋರಿ ಮೇಪಲ್ ಹಲಗೆ ಉಬ್ಬಿದ್ದು ಅವಳ ಕಣ್ಣಿಗೆ ಬಿತ್ತು. ಅಂಗೈಯಗಲದ ಉಬ್ಬು. ಕಳೆದ ವರ್ಷ ಇರಲಿಲ್ಲ. ಅವಳು ಎದ್ದು ನಿಂತಳು.

"ಹೋದ ವರ್ಷ ಈ ನೆಲದ ಮೇಲೆ ಎಷ್ಟು ಸಲ ಕುಣಿದ್ವಿ? ಒಂದ್ಸಲ. ಅದೂ ನಾಲ್ಕು ಜೋಡಿ. ಆಲ್ಡೆನ್, ನೀನು ಮಂಡಿ ನೋವು ಅಂತ ಕೂತಿದ್ದೆ. ಖಾಲಿ ಮನೆಗಳು ಏನಾಗ್ತವೆ ಅಂತ ನಾನು ನಲವತ್ತು ವರ್ಷ ಮೇಲೆ ಕೂತು ನೋಡಿದೀನಿ. ಮೊದಲು ಮೂಲೆ ಉಬ್ಬುತ್ತೆ. ಆಮೇಲೆ ಪಾರಿವಾಳ ಬರ್ತವೆ. ಮೂರನೇ ವರ್ಷ ಚಾವಣಿ ಒಳಗಿರುತ್ತೆ. ಆಗಾಗ ಬಳಸೋಕೆ ಕೊಡೋದು ಬೇಡ. ಎತ್ಕೊಂಡು ಹೋಗ್ಲಿ. ಸುಮ್ನೆ ಕೊಟ್ಬಿಡೋಣ."

ಗ್ವೆನ್ ಬಾಯಿ ತೆರೆದು ನೋಡಿದಳು.

"ನಿನ್ನ ಮಗಳು ಕೆಸ್ಟನ್ ಆಸ್ಪತ್ರೇಲಿ ನರ್ಸು," ಎಂದ ಆಲ್ಡೆನ್, ತಣ್ಣಗೆ. "ನಾಳೆ ನೀನೂ ಹೋಗ್ತೀಯಾ. ಅಲ್ಲಿ ಕುಣಿಯೋಕೆ ಜಾಗ ಮಾಡ್ಕೊಳ್ತಿದೀಯಾ."

ಯುಸ್ತೀನಾ ಅವನತ್ತ ತಿರುಗಿದಳು. "ನಾನು ಎಲ್ಲೂ ಹೋಗಲ್ಲ. ಹೋಗೋ ಹಾಗಿದ್ರೆ ಯಾವತ್ತೋ ಹೋಗ್ತಿದ್ದೆ. ಮನೆ ಎತ್ತೋ ಗಂಡ ಮನೇಲೇ ಇದ್ನಲ್ಲ."

ಕೈ ಎತ್ತಿಸಿದರು. ಹದಿಮೂರು ಕೈ ಅವಳ ಕಡೆ, ಆರು ಕೈ ಆಲ್ಡೆನ್ ಕಡೆ. ಗೆದ್ದವಳು ಮನೆಗೆ ಬಂದು ಒಲೆ ಹಚ್ಚಲಿಲ್ಲ. ಗಂಡನ ಕೈಯಿಂದ ಎದ್ದ ಕಟ್ಟಡವನ್ನು ತನ್ನ ಬಾಯಿಂದಲೇ ಕಳೆದುಕೊಂಡೆನಲ್ಲ ಎಂದುಕೊಂಡು ಕೋಟು ಬಿಚ್ಚದೆಯೇ ಕೂತಳು. ನಾಳೆಯೇ ಹೋಗಿ ತಪ್ಪಾಯಿತು ಎಂದುಬಿಡಲೇ ಎಂದೂ ಅನ್ನಿಸಿತು. ಹೋಗಲಿಲ್ಲ. ಆ ಬೇಸಿಗೆಯೆಲ್ಲ ಆಲ್ಡೆನ್ ಅವಳನ್ನು ಕಂಡರೆ ಅಂಚೆ ಕಚೇರಿಯ ಮುಂದೆಯೇ ದಾರಿ ಬದಲಿಸುತ್ತಿದ್ದ. ಇಡೀ ಊರಿಗೆ ಇದ್ದದ್ದೇ ಒಂದು ಬೀದಿ. ದಾರಿ ಬದಲಿಸುವುದೆಂದರೆ ಹುಲ್ಲಿಗೆ ಇಳಿಯುವುದೇ.

ಕೊಯ್ಲು ಮುಗಿದ ಸೆಪ್ಟೆಂಬರಿನಲ್ಲಿ ಪೇಟೆಯಿಂದ ಕಂಪನಿಯವರು ಬಂದರು. ಕಬ್ಬಿಣದ ತೊಲೆ, ರಬ್ಬರ್ ಚಕ್ರ, ದೊಡ್ಡ ಲಾರಿ. ವಿದ್ಯುತ್ ತಂತಿ ಎತ್ತಲು ಬೇರೆಯದೇ ತಂಡ. ಯುಸ್ತೀನಾಳಿಗೆ ಮೇಲೂ ಕೆಲಸವಿಲ್ಲ, ಕೆಳಗೂ ಕೆಲಸವಿಲ್ಲ. ಸಿಗ್ನೆಯ ಕಾರಿನಲ್ಲಿ ಕೂರಲು ಮನಸ್ಸಾಗದೆ ಭವನದ ಹಿಂದೆ ನಡೆದೇ ಹೊರಟಳು. ಊರಿನ ಇತರರೂ ಹಿಂದೆ ಬಂದರು, ಕೆಲವರು ಕಾರಿನಲ್ಲಿ, ಕೆಲವರು ಕಾಲ್ನಡಿಗೆಯಲ್ಲಿ, ದೊಡ್ಡವರ ಅಂತ್ಯಯಾತ್ರೆಗೆ ಹೋದಂತೆ.

ಐದು ಮೈಲಿ ಹೋದ ಮೇಲೆ ರಸ್ತೆ ಒಂದು ಕಣಿವೆಗೆ ಇಳಿದು ಕಿರುಸೇತುವೆಯ ಬಳಿ ಗಕ್ಕನೆ ತಿರುಗುತ್ತದೆ. ಅಲ್ಲಿ ಭವನ ಸಿಕ್ಕಿಕೊಂಡಿತು. ಹಿಂದಿನ ಚಕ್ರಗಳು ರಸ್ತೆಯ ಅಂಚಿನ ಸಡಿಲ ಮಣ್ಣಿಗೆ ಜಾರಿ, ಕಟ್ಟಡ ವಾಲಿತು. ಒಳಗೆಲ್ಲೋ ತೊಲೆ ಮುಲುಗಿದ ಸದ್ದು ಕೇಳಿ ಹೆಂಗಸರು ಬಾಯಿಗೆ ಕೈ ಹಿಡಿದರು. ಕಂಪನಿಯ ಮೇಸ್ತ್ರಿ ನಕ್ಷೆ ಬಿಡಿಸಿ ಮಡಿಸಿ ಮತ್ತೆ ಬಿಡಿಸುತ್ತಿದ್ದ.

"ನಡುವೆ ಕೊಯ್ದು ಎರಡು ಭಾಗ ಮಾಡ್ಬೇಕಾಗುತ್ತೆ," ಎಂದ.

"ಕೊಯ್ಯೋದು ಬೇಡ," ಎಂದು ಯುಸ್ತೀನಾ ಮುಂದೆ ಬಂದಳು. "ಹಾಲ್ವರ್ ಯಾವತ್ತೂ ಈ ತಿರುವು ತಗೊಳ್ತಿರಲಿಲ್ಲ. ಹಿಂದಕ್ಕೆ ಎಳೀರಿ. ಆ ದಿಬ್ಬದ ಮೇಲಿಂದ ಹೊಲಕ್ಕೆ ಇಳಿಸಿ, ಅಡ್ಡ ಹೋಗಿ, ಮುಂದೆ ರಸ್ತೆ ಸೇರ್ಕೊಳ್ಳಿ. ಕೆಳಗೆ ಗಟ್ಟಿ ಜೇಡಿ ಇದೆ, ಚಕ್ರ ಹೂತ್ಕೊಳ್ಳಲ್ಲ."

"ಅಜ್ಜೀ, ಅಲ್ಲಿ ಬೇಲಿ ಇದೆ. ಯಾರದ್ದೋ ಹೊಲ."

ಯಾರದೆಂದು ಅವಳಿಗೆ ಗೊತ್ತಿತ್ತು. ತಿರುಗಿ ನೋಡಿದಳು. ಆಲ್ಡೆನ್ ರಸ್ಕ್ ತನ್ನ ಲಾರಿಯ ಪಕ್ಕ ಕೈಕಟ್ಟಿ ನಿಂತಿದ್ದ. ಆರು ತಿಂಗಳಿಂದ ಮಾತಾಡದವನನ್ನು ಈಗ ಎಲ್ಲರ ಮುಂದೆ ಕೇಳುವುದು ಹೇಗೆ? ಕೇಳಬೇಕಾಗಲಿಲ್ಲ. ಅವನು ಲಾರಿಯಿಂದ ಇಕ್ಕಳ ತೆಗೆದುಕೊಂಡು ಬೇಲಿಯ ಹತ್ತಿರ ನಡೆದ. ಮುಳ್ಳುತಂತಿಯ ನಾಲ್ಕು ಎಳೆ. ಟಿಣ್ ಟಿಣ್ ಎಂದು ಒಂದೊಂದೇ ಕತ್ತರಿಸಿದ. ಮೂರು ಗೂಟ ಅಲುಗಿಸಿ ಕಿತ್ತು ಪಕ್ಕಕ್ಕೆ ಎಸೆದ.

"ಬಲಗಡೆ ಒಂದು ಬಂಡೆ ಇದೆ," ಎಂದ ಮೇಸ್ತ್ರಿಗೆ. "ಎಡಕ್ಕೆ ಹಿಡಿ. ಅಡ್ಡ ಬಿದ್ದು ಕೆಟ್ರೆ ಕೆಸ್ಟನ್‌ನೋರು ನಮ್ಮ ಭವನಾನೇ ಬೈತಾರೆ."

ಯುಸ್ತೀನಾ ಅವನ ಹತ್ತಿರ ಹೋದಳು. "ಆಲ್ಡೆನ್..." ಎಂದಳು.

"ಸುಮ್ನಿರು ಯುಸ್ತೀನಾ. ನಾನಿನ್ನೂ ಒಪ್ಪಿಲ್ಲ," ಎಂದು ಅವನು ಗೂಟ ಎತ್ತಿಕೊಂಡು ಹೋದ.

ಕೂಳೆಯ ಮೇಲೆ, ಬಿಸಿಲಲ್ಲಿ, ಭವನ ಮೆಲ್ಲಗೆ ತೂಗುತ್ತ ಸಾಗಿತು. ಸಂಜೆಯ ಹೊತ್ತಿಗೆ ಕೆಸ್ಟನ್‌ನ ಬೀದಿಯಲ್ಲಿ ಶಾಲೆಯ ಮಕ್ಕಳೆಲ್ಲ ಎರಡೂ ಬದಿ ನಿಂತು ಕೇಕೆ ಹಾಕಿದರು.

ಅಕ್ಟೋಬರಿನ ಕೊನೆಗೆ ಅಲ್ಲಿ ಮೊದಲ ಸುಗ್ಗಿಯೂಟ. ಆರ್ಡ್ವೆಲ್‌ನವರು ಅತಿಥಿಗಳು. ಮುಂದಿನ ಮೇಜಿನಲ್ಲಿ ಅವರಿಗೆ ಜಾಗ. ಯುಸ್ತೀನಾ ಹೊಸ ಸ್ಕಾರ್ಫ್ ಕಟ್ಟಿಕೊಂಡು ಹತ್ತು ನಿಮಿಷ ಕೂತಳು. ಅಡುಗೆಮನೆಯಿಂದ ಪಾತ್ರೆ ಬಿದ್ದ ಸದ್ದು ಬಂತು. ಇನ್ನೆರಡು ನಿಮಿಷ ಕೂತಳು. ಮತ್ತೆ ಬಿತ್ತು. ಎದ್ದು ಒಳಗೆ ಹೋದಳು. ಖಾನೆ ಎಳೆದರೆ ಸೌಟುಗಳಿರಬೇಕಾದಲ್ಲಿ ಕರವಸ್ತ್ರ, ಚಾಕುಗಳಿರಬೇಕಾದಲ್ಲಿ ಮೇಣದಬತ್ತಿ.

"ಇದನ್ನ ಜೋಡಿಸಿದ್ದು ಯಾರು? ಕೋಳಿಗಳಾ?"

"ನಾನು," ಎಂದಳು ಗ್ವೆನ್, ಸೊಂಟದ ಮೇಲೆ ಕೈಯಿಟ್ಟು. "ನೀನು ಅತಿಥಿ. ಹೋಗಿ ಕೂತ್ಕೋ."

"ಸೌಟು ಒಲೆ ಹತ್ರ ಇರ್ಬೇಕು ಕಣೇ. ಮೂವತ್ತೇಳು ವರ್ಷದಿಂದ ಅಲ್ಲೇ ಇದೆ."

"ಮೂವತ್ತೇಳು ವರ್ಷ ಅದು ಆರ್ಡ್ವೆಲ್‌ನಲ್ಲಿತ್ತು."

ಒಲೆಯ ಮುಂದಿದ್ದ ಹೆಂಗಸರೆಲ್ಲ ಇವರತ್ತ ತಿರುಗಿದರು. ಅಷ್ಟರಲ್ಲಿ ಕಡುಬಿನ ಹಂಡೆ ಉಕ್ಕಿತು. ಗ್ವೆನ್ ಸೌಟಿಗಾಗಿ ಒಂದು ಖಾನೆ ಎಳೆದಳು, ಸಿಗಲಿಲ್ಲ. ಇನ್ನೊಂದು ಎಳೆದಳು, ಅಲ್ಲೂ ಇಲ್ಲ. ಮೂರನೆಯದರಲ್ಲಿ ಸಿಕ್ಕಿತು. ಅಷ್ಟು ಹೊತ್ತಿಗೆ ಅರ್ಧ ನೀರು ಒಲೆಯ ಪಾಲಾಗಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಗ್ವೆನ್‌ಗೇ ನಗು ತಡೆಯಲಾಗಲಿಲ್ಲ.

"ಆಯ್ತು ತಾಯಿ, ಒಲೆ ಹತ್ರಾನೇ ಇಡೋಣ. ಏಪ್ರನ್ ಕಟ್ಕೋ."

ಆರು ಪಂಕ್ತಿ ಎದ್ದವು. ಹೊರಗೆ ಭವನದಲ್ಲಿ ಪಿಟೀಲು ಶ್ರುತಿಗೂಡುತ್ತಿತ್ತು. ಆಲ್ಡೆನ್ ರಸ್ಕ್ ಯಾರೋ ಕೆಸ್ಟನ್ ಯುವಕನನ್ನು ಮೂಲೆಗೆ ಹಿಡಿದು ಕಾಲಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸುತ್ತ, ಮೂವತ್ತೇಳರ ಆಟ ವಿವರಿಸುತ್ತಿದ್ದ. ಕೊನೆಯ ತಟ್ಟೆ ತೊಳೆದು ಯುಸ್ತೀನಾ ಕೈ ಒರೆಸಿಕೊಳ್ಳುವಾಗ ಗ್ವೆನ್ ಒಂದು ಕುರ್ಚಿ ಎಳೆದು ಅವಳ ಮುಂದೆ ಬಿಸಿ ತಟ್ಟೆ ಇಟ್ಟಳು. ಇಷ್ಟು ವರ್ಷಗಳಲ್ಲಿ ಸುಗ್ಗಿಯೂಟದ ದಿನ ಯಾರೂ ಅವಳಿಗೆ ಬಡಿಸಿದ್ದಿಲ್ಲ. ಉಳಿದದ್ದನ್ನು ನಿಂತೇ ತಿಂದು ಅಭ್ಯಾಸ. ಅವಳು ಕೂತಳು, ಒಂದು ಕಡುಬು ಬಾಯಿಗಿಟ್ಟು ನಿಧಾನವಾಗಿ ಅಗಿದಳು.

"ಹೇಗಿದೆ?" ಎಂದಳು ಗ್ವೆನ್.

"ಉಪ್ಪು ಕಡಿಮೆ," ಎಂದಳು ಯುಸ್ತೀನಾ. "ಮುಂದಿನ ವರ್ಷ ಬೆಳಗ್ಗೇನೇ ಬರ್ತೀನಿ."